ಬಟ್ಟೆ ಕೊಳ್ಳುವ ಮುಂಚೆ ಉಟ್ಟ ಲೆಕ್ಕ ನೋಡಿ

ಆಷಾಢ ಹುಟ್ಟಿತೆಂದರೆ ಚಿಕ್ಕಮಗಳೂರಿನ ಎಂ.ಜಿ. ರಸ್ತೆಯಲ್ಲೂ ಹಾಸನದ ಬಿ.ಎಂ. ರಸ್ತೆಯಲ್ಲೂ ಬಟ್ಟೆ ಅಂಗಡಿಗಳ ಮುಂದೆ ರಿಯಾಯಿತಿಯ ಬ್ಯಾನರ್ ಏಳುತ್ತದೆ. ಮದುವೆ, ಗೃಹಪ್ರವೇಶ ಇಲ್ಲದ ತಿಂಗಳು. ವ್ಯಾಪಾರ ಬೀಳಬಾರದೆಂದು ಅಂಗಡಿಯವರು ದರ ಇಳಿಸುತ್ತಾರೆ. ಅದೇ ಹೊತ್ತಿಗೆ ಹೊರಗೆ ಪುನರ್ವಸು ಮಳೆ ಹಿಡಿದಿರುತ್ತದೆ, ಒಳಗೆ ಹಗ್ಗದ ಮೇಲೆ ಮೊನ್ನೆ ಒಗೆದ ಬಟ್ಟೆ ಇನ್ನೂ ತಣ್ಣಗೆ ನೇತಾಡುತ್ತಿರುತ್ತದೆ. "ಹಾಕ್ಕೊಳ್ಳೋಕೆ ಒಂದು ಬಟ್ಟೆ ಇಲ್ಲ" ಎಂಬ ಮಾತು ಮನೆಮನೆಯಲ್ಲೂ ಕೇಳುವುದು ಆಗಲೇ. ಆದರೆ ಆ ಮಾತು ಆಡಿ ಅಂಗಡಿಗೆ ಹೋದವರು ತರುವುದು ಬೇಗ ಒಣಗುವ ಎರಡು ಕುರ್ತಾ ಅಲ್ಲ, ಅರ್ಧ ಬೆಲೆಗೆ ಸಿಕ್ಕ ಜರಿ ಸೀರೆ. ಬೀರು ಇನ್ನಷ್ಟು ತುಂಬುತ್ತದೆ, ಬೆಳಗ್ಗೆ ಎದ್ದಾಗಿನ ಪರದಾಟ ಹಾಗೇ ಉಳಿಯುತ್ತದೆ.

ನಾವು ಕೊಳ್ಳುವುದು ಹಬ್ಬ, ಮದುವೆಗಳನ್ನು ನೆನೆಸಿಕೊಂಡು. ಉಡುವುದು ಮಾತ್ರ ಸೋಮವಾರ, ಮಂಗಳವಾರಗಳಲ್ಲಿ. ಈ ಎರಡರ ನಡುವೆ ಎಷ್ಟು ಅಂತರ ಇದೆ ಎಂದು ತಿಳಿಯಲು ಒಂದೇ ದಾರಿ, ಉಟ್ಟದ್ದನ್ನು ಬರೆದಿಡುವುದು. ಮಲೆನಾಡಿನ ಮನೆಗಳಿಗೆ ಈ ಲೆಕ್ಕ ಇನ್ನೂ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಇಲ್ಲಿ ಎಷ್ಟು ಬಟ್ಟೆ ಬೇಕು ಎಂಬುದನ್ನು ನಮ್ಮ ಆಸೆಗಿಂತ ಹೆಚ್ಚಾಗಿ ಮಳೆ ನಿರ್ಧರಿಸುತ್ತದೆ. ಹೇಗೆ ಬರೆಯಬೇಕು, ಬರೆದದ್ದನ್ನು ಹೇಗೆ ಓದಬೇಕು, ಅದನ್ನು ಹಿಡಿದು ಹೇಗೆ ಕೊಳ್ಳಬೇಕು ಎಂದು ಒಂದೊಂದಾಗಿ ಹೇಳುತ್ತೇನೆ.

ಮೊದಲು ಬೀರು ಖಾಲಿ ಮಾಡಿ

ಮಳೆ ಬಿಟ್ಟು ಎರಡು ದಿನ ಒಳ್ಳೆಯ ಬಿಸಿಲು ಬಂದಾಗ ಈ ಕೆಲಸಕ್ಕೆ ಕೈ ಹಾಕಿ. ದೀಪಾವಳಿ ಹೊತ್ತಿಗೆ ಹೇಗೂ ಬಟ್ಟೆ ಹೊರಗೆ ತೆಗೆದು ಗಾಳಿಗೆ ಹಾಕುತ್ತೇವೆ, ಅದೇ ಸರಿಯಾದ ಸಮಯ. ಹತ್ತಿ ಬಟ್ಟೆ ಬಿಸಿಲಿಗೆ ಬೀಳಲಿ. ರೇಷ್ಮೆಯನ್ನು ನೆರಳಲ್ಲಿ, ಒಳಮೈ ಹೊರಗೆ ಮಾಡಿ ಹರವಿ. ಬೀರು ಮಾತ್ರ ನೋಡಿದರೆ ಸಾಲದು. ಅಟ್ಟದ ಮೇಲಿನ ಸೂಟ್‌ಕೇಸು, ಮಂಚದ ಕೆಳಗಿನ ಟ್ರಂಕು, ಇಸ್ತ್ರಿಗೆ ಕೊಟ್ಟದ್ದು, ಟೈಲರ್ ಹತ್ತಿರ ಮಲಗಿರುವುದು, ತವರಿನಲ್ಲಿ ಬಿಟ್ಟು ಬಂದದ್ದು, ಎಲ್ಲವೂ ಲೆಕ್ಕಕ್ಕೆ ಸೇರಬೇಕು. ಹೊಲಿಸದೆ ಬಿದ್ದಿರುವ ರವಿಕೆ ಕಣಗಳನ್ನೂ ಬಿಡಬೇಡಿ.

ಪ್ರತಿಯೊಂದಕ್ಕೂ ಒಂದು ಗುರುತು ಕೊಡಿ. ಸೀರೆಗೆ ಸೀ, ಕುರ್ತಾಗೆ ಕು, ಅಂಗಿಗೆ ಅಂ, ಪ್ಯಾಂಟಿಗೆ ಪ್ಯಾಂ. ಸೀ-1, ಸೀ-2 ಹೀಗೆ ಬರೆದು ಪಕ್ಕದಲ್ಲಿ ಗುರುತು ಸಿಗುವಂಥ ಎರಡು ಮಾತು: "ಸಾಸಿವೆ ಬಣ್ಣ, ಕಪ್ಪು ಅಂಚು". ಯಾವ ವರ್ಷ ಬಂತು, ಎಷ್ಟು ಕೊಟ್ಟಿರಿ, ಅಥವಾ ಯಾರು ಕೊಟ್ಟರು ಎಂಬುದು ನೆನಪಿದ್ದರೆ ಬರೆಯಿರಿ, ಇಲ್ಲದಿದ್ದರೆ ಜಾಗ ಬಿಡಿ. ಒಳಉಡುಪು, ಕಾಲುಚೀಲಗಳಿಗೆ ಗುರುತು ಬೇಡ, ಎಷ್ಟಿವೆ ಅಂತ ಎಣಿಸಿದರೆ ಸಾಕು.

ಆ ದಿನ ಒಂದು ಬಟ್ಟೆಯನ್ನೂ ಹೊರಗೆ ಹಾಕಬೇಡಿ. ಇದನ್ನು ನಾನು ಒತ್ತಿ ಹೇಳುತ್ತೇನೆ. ಬೀರು ಖಾಲಿ ಮಾಡಿದ ಉತ್ಸಾಹದಲ್ಲಿ ಕೊಟ್ಟುಬಿಟ್ಟದ್ದನ್ನೇ ಮುಂದಿನ ಜುಲೈನಲ್ಲಿ ಹುಡುಕುವಂತಾಗುತ್ತದೆ. ಯಾವುದು ಬೇಕು, ಯಾವುದು ಬೇಡ ಎಂದು ಪುಸ್ತಕ ಹೇಳಲಿ.

ಎಲ್ಲಿ ಬರೆಯುವುದು

ಇದಕ್ಕೆಂದೇ ಆ್ಯಪ್‌ಗಳಿವೆ, ಪ್ರತಿ ಬಟ್ಟೆಯ ಫೋಟೊ ತೆಗೆದು ಹಾಕಿದರೆ ಎಣಿಕೆ, ಚಿತ್ರ, ಪಟ್ಟಿ ಎಲ್ಲ ಅವೇ ಮಾಡುತ್ತವೆ. ಕಂಪ್ಯೂಟರಿನಲ್ಲಿ ಎಕ್ಸೆಲ್ ಬಳಸಿ ಅಭ್ಯಾಸ ಇರುವವರಿಗೆ ಅದೂ ಚೆನ್ನ. ಆದರೆ ಮಳೆಗಾಲದಲ್ಲಿ ಕರೆಂಟು, ನೆಟ್‌ವರ್ಕು ಎರಡೂ ಕೈಕೊಡುವ ಊರುಗಳಲ್ಲಿ ಕೊನೆಯವರೆಗೂ ನಡೆಯುವುದು ನೂರು ಪುಟದ ಒಂದು ನೋಟ್‌ಬುಕ್ಕು, ಬೀರುವಿನ ಹಿಡಿಗೆ ದಾರದಲ್ಲಿ ಕಟ್ಟಿದ ಪೆನ್ನು. ಪುಸ್ತಕ ಬೇಡವೆಂದರೆ ಹಾಲಿನ ಲೆಕ್ಕ ಗುರುತು ಹಾಕುವ ಗೋಡೆ ಕ್ಯಾಲೆಂಡರಿನ ಚೌಕದಲ್ಲೇ ಎರಡು ಗುರುತು ಬರೆಯಬಹುದು.

ಬರೆಯುವುದೇ ಬೇಡ ಎನ್ನುವವರಿಗೂ ಒಂದು ದಾರಿ ಇದೆ. ಹ್ಯಾಂಗರ್‌ಗಳ ಕೊಕ್ಕೆಗಳನ್ನೆಲ್ಲ ಉಲ್ಟಾ ತಿರುಗಿಸಿ ತೂಗುಹಾಕಿ. ಉಟ್ಟು ಒಗೆದ ಮೇಲೆ ಸರಿಯಾದ ದಿಕ್ಕಿಗೆ ಹಾಕಿ. ಆರು ತಿಂಗಳಾದ ಮೇಲೂ ಉಲ್ಟಾ ಉಳಿದವು ಯಾವುವೆಂದು ಕಣ್ಣಿಗೇ ಕಾಣುತ್ತದೆ. ಮಡಿಸಿಡುವ ಸೀರೆಗಾದರೆ, ಉಟ್ಟದ್ದನ್ನು ಯಾವಾಗಲೂ ಅಟ್ಟಿಯ ಮೇಲೇ ಇಡಿ. ಉಡದವು ತಾವಾಗಿಯೇ ಕೆಳಗಿಳಿಯುತ್ತವೆ. ಆದರೆ ಹ್ಯಾಂಗರ್ ಹೇಳುವುದು ಉಟ್ಟಿರೋ ಇಲ್ಲವೋ ಎಂಬುದನ್ನಷ್ಟೇ. ಏಕೆ ಉಡಲಿಲ್ಲ, ಎಷ್ಟು ಸಲ ಉಟ್ಟಿರಿ, ಒಣಗಲು ಎಷ್ಟು ದಿನ ಹಿಡಿಯಿತು ಎಂಬುದಕ್ಕೆ ಬರೆಯಲೇಬೇಕು.

ದಿನದ ಬರಹ

ಉಡುವಾಗ ಬರೆಯಬೇಡಿ, ಒಗೆಯಲು ಹಾಕುವಾಗ ಬರೆಯಿರಿ. ಬೆಳಗ್ಗೆ ಯಾರಿಗೂ ಪುರಸೊತ್ತಿಲ್ಲ, ಅಲ್ಲದೆ ಆ ಬಟ್ಟೆ ದಿನವಿಡೀ ಹೇಗೆ ನಡೆಯಿತು ಎಂದು ಗೊತ್ತಾಗುವುದು ಸಂಜೆಗೇ. ಒಂದೇ ಸಾಲು ಸಾಕು: ತಾರೀಖು, ಗುರುತು, ಎಲ್ಲಿಗೆ ಹೋಗಿದ್ದು, ಏನಾದರೂ ಕಂಡಿದ್ದರೆ ಅದು. ಒಂದು ಪುಟ ಹೀಗಿರಬಹುದು:

ಜುಲೈ 14. ಕು-6, ಪ್ಯಾಂ-2. ಆಫೀಸು. ಪ್ಯಾಂಟಿನ ಅಂಚು ಸಂಜೆವರೆಗೂ ಒದ್ದೆ.
ಜುಲೈ 15. ಕು-2 ಹಾಕಿ ತೆಗೆದೆ (ಕಂಕುಳ ಬಿಗಿ). ಕು-9, ಲೆಗ್ಗಿಂಗ್ಸ್. ಬ್ಯಾಂಕು, ತರಕಾರಿ.
ಜುಲೈ 16. ಬೇಕಿದ್ದದ್ದು ಕು-6, ಒಣಗಿಲ್ಲ. ಸೀ-11 ಉಟ್ಟೆ. ನೆರಿಗೆ ಕೆಸರಾಯಿತು.
ಜುಲೈ 17. ಕು-6. ಒಣಗಿತು, ಮುಗ್ಗಲು ವಾಸನೆ.

ಈ ನಾಲ್ಕು ಸಾಲಿನಲ್ಲಿ ಎರಡು ಬಗೆಯ ಮಾತುಗಳ ಮೇಲೆ ಕಣ್ಣಿಡಿ. ಒಂದು, "ಹಾಕಿ ತೆಗೆದೆ". ಉಟ್ಟು ಕನ್ನಡಿ ನೋಡಿ ಬಿಚ್ಚಿಟ್ಟ ಬಟ್ಟೆ ಉಟ್ಟ ಲೆಕ್ಕಕ್ಕೆ ಬರುವುದಿಲ್ಲ. ಆದರೆ ಬ್ರಾಕೆಟ್ಟಿನಲ್ಲಿ ಬರೆದ ಕಾರಣ, ಇಡೀ ಪುಸ್ತಕದಲ್ಲಿ ಅತಿ ಹೆಚ್ಚು ದುಡ್ಡು ಉಳಿಸಿಕೊಡುವ ಮಾತು. ಇನ್ನೊಂದು, "ಬೇಕಿದ್ದದ್ದು". ಬೇಕೆಂದಾಗ ಕೈಗೆ ಸಿಗದ ಬಟ್ಟೆ ಯಾವುದು ಎಂದು ಆ ಗಳಿಗೆಯಲ್ಲೇ ಬರೆದಿಟ್ಟರೆ ಕೊಳ್ಳುವ ಪಟ್ಟಿ ಅಲ್ಲಿಂದಲೇ ಶುರುವಾಗುತ್ತದೆ.

ಬರೆಯಲು ಮರೆತ ದಿನ ಖಾಲಿ ಇರಲಿ. ಮೂರು ದಿನದ ಹಿಂದೆ ಏನು ಉಟ್ಟಿದ್ದೆ ಎಂದು ಊಹಿಸಿ ತುಂಬಿದರೆ, ನಮಗೆ ಇಷ್ಟವಾದ ಬಟ್ಟೆಯ ಹೆಸರೇ ನೆನಪಿಗೆ ಬಂದು ಲೆಕ್ಕ ವಾಲುತ್ತದೆ.

ಎಷ್ಟು ಕಾಲ ಬರೆಯಬೇಕು? ನಿಜವಾದ ಉತ್ತರ ಒಂದು ವರ್ಷ. ಮೃಗಶಿರದ ಗಾಳಿಮಳೆ, ಪುಷ್ಯದ ಜಡಿ, ಡಿಸೆಂಬರಿನ ಚಳಿ, ಏಪ್ರಿಲ್ಲಿನ ಬಿಸಿಲು, ನಡುವೆ ಹಬ್ಬ, ಮದುವೆ, ತಿಥಿ ಎಲ್ಲ ಒಂದು ಸುತ್ತು ಬಂದು ಹೋಗಬೇಕು. ಅಷ್ಟು ಆಗದವರು ಮಳೆಗಾಲದ ಒಂದು ತಿಂಗಳು, ಬೇಸಿಗೆಯ ಒಂದು ತಿಂಗಳಾದರೂ ಬರೆಯಿರಿ. ಬೇಸಿಗೆ ಒಂದನ್ನೇ ನೋಡಿ ಕೊಂಡರೆ ಮಲೆನಾಡಿನಲ್ಲಿ ಲೆಕ್ಕ ತಪ್ಪುತ್ತದೆ.

ಒಣಗುವ ದಿನದ ಲೆಕ್ಕ

ಇದು ನಮ್ಮ ಕಡೆಯವರು ಬಿಡಲೇಬಾರದ ಕಾಲಂ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಬಟ್ಟೆ ಒಗೆದ ದಿನ ಮತ್ತು ಮಡಿಸಿಟ್ಟ ದಿನ ಎರಡನ್ನೂ ಬರೆಯಿರಿ. ಬೇಸಿಗೆಯಲ್ಲಿ ಮಧ್ಯಾಹ್ನಕ್ಕೇ ಗರಿಗರಿಯಾಗುವ ಹತ್ತಿ ಅಂಗಿ ಆಗಸ್ಟಿನಲ್ಲಿ ಮೂರು ನಾಲ್ಕು ದಿನ ತೆಗೆದುಕೊಳ್ಳುತ್ತದೆ. ಜೀನ್ಸ್ ಆದರೆ ಸೊಂಟದ ಪಟ್ಟಿ, ಜೇಬಿನ ಮೂಲೆ ಅದಕ್ಕೂ ಹೆಚ್ಚು ದಿನ ತಣ್ಣಗಿರುತ್ತದೆ.

ಕಾರಣ ನೂಲಿನಲ್ಲಿದೆ. ಸಾಧಾರಣ ಹವೆಯಲ್ಲಿ ಇಟ್ಟ ಹತ್ತಿ ತನ್ನ ಒಣ ತೂಕದ ನೂರಕ್ಕೆ ಸುಮಾರು 8.5ರಷ್ಟು ತೇವವನ್ನು ಗಾಳಿಯಿಂದಲೇ ಎಳೆದುಕೊಂಡಿರುತ್ತದೆ. ರೇಷ್ಮೆ ಸುಮಾರು 11, ವಿಸ್ಕೋಸ್ ಅಂದರೆ ರೇಯಾನ್ ಸುಮಾರು 13, ಉಣ್ಣೆ ಇನ್ನೂ ಹೆಚ್ಚು. ಪಾಲಿಯೆಸ್ಟರ್ ಮಾತ್ರ 0.4ರ ಆಸುಪಾಸು. ಗಾಳಿಯೇ ನೀರಾಗಿರುವ ತಿಂಗಳಲ್ಲಿ ಹತ್ತಿ, ರೇಯಾನ್ ಒಣಗಲು ಏಕೆ ಹಟ ಹಿಡಿಯುತ್ತವೆ, ಪಾಲಿಯೆಸ್ಟರ್ ಕಲಸಿದ ಬಟ್ಟೆ ಏಕೆ ಫ್ಯಾನಿನ ಗಾಳಿಗೇ ಒಣಗುತ್ತದೆ ಎಂಬುದು ಇದರಿಂದ ತಿಳಿಯುತ್ತದೆ. ಹಾಗೆಂದು ಪಾಲಿಯೆಸ್ಟರ್ ಮೈಗೆ ಹಿತ ಎಂದಲ್ಲ. ಮಾರ್ಚ್ ತಿಂಗಳ ಬೆವರಿಗೆ ಹತ್ತಿಯೇ ಬೇಕು. ಮಳೆಗಾಲದ ಓಡಾಟಕ್ಕೆ ಕಲಸುನೂಲು, ಬೇಸಿಗೆಗೆ ಹತ್ತಿ ಎಂದು ಎರಡನ್ನೂ ಬೇರೆಬೇರೆಯಾಗಿ ಎಣಿಸುವುದು ಜಾಣತನ.

ಈಗ ಎಷ್ಟು ಬೇಕು ಎಂಬ ಲೆಕ್ಕ. ಬಟ್ಟೆ ಬಿಚ್ಚಿದ ಮೇಲೆ ಮತ್ತೆ ಉಡಲು ಸಿದ್ಧವಾಗುವವರೆಗೆ ಎಷ್ಟು ದಿನ ಹಿಡಿಯುತ್ತದೆ ನೋಡಿ. ಒಗೆತಕ್ಕೆ ಕಾಯುವ ದಿನವೂ ಇದರಲ್ಲಿ ಸೇರಲಿ. ಅದನ್ನು, ಒಂದು ಬಟ್ಟೆಯನ್ನು ಒಗೆಯದೆ ಎಷ್ಟು ದಿನ ಉಡುತ್ತೀರೋ ಆ ಸಂಖ್ಯೆಯಿಂದ ಭಾಗಿಸಿ. ಬಂದದ್ದಕ್ಕೆ ಮೈಮೇಲಿನ ಒಂದನ್ನು ಸೇರಿಸಿ. ದಿನಕ್ಕೊಂದು ಬದಲಿಸುವ ಕುರ್ತಾ ನಾಲ್ಕು ದಿನಕ್ಕೆ ಒಣಗುತ್ತದೆ ಎಂದರೆ ನಾಲ್ಕಕ್ಕೆ ಒಂದು ಸೇರಿ ಐದು. ಎರಡು ದಿನ ಹಾಕುವ ಪ್ಯಾಂಟಿಗೆ ನಾಲ್ಕನ್ನು ಎರಡರಿಂದ ಭಾಗಿಸಿ ಒಂದು ಸೇರಿಸಿದರೆ ಮೂರು. ಅದೇ ಕುರ್ತಾ ಬೇಸಿಗೆಯಲ್ಲಿ ಮಾರನೆಯ ದಿನಕ್ಕೇ ಸಿದ್ಧ, ಆಗ ಎರಡು ಮೂರಿದ್ದರೆ ಧಾರಾಳ. ಮಕ್ಕಳ ಯೂನಿಫಾರ್ಮನ್ನು ಎಷ್ಟು ಜೊತೆ ಹೊಲಿಸಬೇಕು ಎಂಬ ವರ್ಷವರ್ಷದ ಚರ್ಚೆಯೂ ಈ ಲೆಕ್ಕದಿಂದ ಮುಗಿಯುತ್ತದೆ.

ಅರಸೀಕೆರೆಯ ನಾದಿನಿ "ನನಗೆ ಮೂರೇ ಸಾಕು" ಎಂದರೆ ಸಕಲೇಶಪುರದವರು ಅದನ್ನು ಅನುಸರಿಸುವ ಹಾಗಿಲ್ಲ. ಹಾಸನ ಜಿಲ್ಲೆ ಒಂದೇ ಆದರೂ ಅರಸೀಕೆರೆ, ಚನ್ನರಾಯಪಟ್ಟಣ ಬಯಲುಸೀಮೆ. ಸಕಲೇಶಪುರ ಘಟ್ಟದ ಅಂಚು. ಚಿಕ್ಕಮಗಳೂರು ಜಿಲ್ಲೆಯಲ್ಲೂ ಕಡೂರಿನ ಹಗ್ಗ ಬೇರೆ, ಕೊಟ್ಟಿಗೆಹಾರದ ಹಗ್ಗ ಬೇರೆ. ಬಚ್ಚಲ ಒಲೆಯ ಮೇಲೆ ಬಿದಿರ ಗಳ ಕಟ್ಟಿ ಬಟ್ಟೆ ಹರವುವ ಮನೆಯಲ್ಲಿ ಬೇಗ ಒಣಗುತ್ತದೆ, ಹೊಗೆ ವಾಸನೆ ಉಳಿಯುತ್ತದೆ. ನಿಮ್ಮ ಮನೆಯ ಹಗ್ಗವನ್ನೇ ಅಳೆಯಿರಿ.

ಮೂರು ತಿಂಗಳಿಗೊಮ್ಮೆ ಎಣಿಸಿ

ಒಂದು ಭಾನುವಾರ ಪುಸ್ತಕ ಹಿಡಿದು ಕುಳಿತು ಪ್ರತಿ ಗುರುತಿನ ಮುಂದೆ ಗೀಟು ಎಳೆಯುತ್ತ ಹೋಗಿ, ಐದಕ್ಕೊಂದು ಕಟ್ಟು. ಹೆಚ್ಚಿನ ಮನೆಗಳಲ್ಲಿ ಕೆಲವೇ ಬಟ್ಟೆಗಳ ಮುಂದೆ ಗೀಟುಗಳು ತುಂಬಿರುತ್ತವೆ, ಬಹಳಷ್ಟರ ಮುಂದೆ ಒಂದೆರಡು, ಕೆಲವಕ್ಕೆ ಏನೂ ಇರುವುದಿಲ್ಲ. ಏನೂ ಇಲ್ಲದವನ್ನು ಹೊರಗೆ ತೆಗೆದು ಒಂದೊಂದನ್ನೂ ಏಕೆ ಉಡಲಿಲ್ಲ ಎಂದು ಕೇಳಿಕೊಳ್ಳಿ. ಸಮಯ ಕೊಡಬೇಕಾದ ಜಾಗ ಇದು.

ಸೀರೆಯ ವಿಷಯದಲ್ಲಿ ಉತ್ತರ ಬಹುಪಾಲು ರವಿಕೆಯಲ್ಲೇ ಸಿಗುತ್ತದೆ. ಸೀರೆಗೆ ಏನೂ ಆಗಿರುವುದಿಲ್ಲ, ರವಿಕೆ ಬಿಗಿಯಾಗಿರುತ್ತದೆ. ನಮ್ಮ ಬೀದಿಯ ಟೈಲರ್ ಹತ್ತಿರ ಹಾಗೆ ಬಿಗಿಯಾದ ಮೂರು ರವಿಕೆ ತೆಗೆದುಕೊಂಡು ಹೋದಾಗ ಅವರು ಒಂದನ್ನು ಒಳಮೈ ತಿರುಗಿಸಿ, ಪಕ್ಕದ ಹೊಲಿಗೆಯನ್ನು ಉಗುರಿನಲ್ಲಿ ಬಿಡಿಸಿ ತೋರಿಸಿದರು. ಒಂದರ ಪಕ್ಕ ಒಂದು ಮೂರು ಹೊಲಿಗೆ, ಅದರಾಚೆ ಒಂದು ಬೆರಳಗಲ ಬಟ್ಟೆ. "ಅಕ್ಕಾ, ಇದ್ರಲ್ಲಿ ಎರಡು ಹೊಲಿಗೆ ಬಿಚ್ಚಿದ್ರೆ ಸಾಕು. ಆದ್ರೆ ಈ ರೆಡಿಮೇಡ್‌ದ್ರಲ್ಲಿ ಮಾರ್ಜಿನ್ನೇ ಬಿಟ್ಟಿಲ್ಲ, ಕಂಕುಳಿಗೆ ತುಂಡು ಕೊಡ್ಬೇಕು" ಎಂದರು. ಹೊಸ ಸೀರೆಯ ಬೆಲೆಯ ಮುಂದೆ ಅವರ ಕೂಲಿ ಏನೇನೂ ಅಲ್ಲ, ಮೂರು ಸೀರೆ ಮತ್ತೆ ಉಡುವಂತಾದವು. ಅಂದಿನಿಂದ ರವಿಕೆ ಹೊಲಿಸುವಾಗಲೆಲ್ಲ "ಮಾರ್ಜಿನ್ ಜಾಸ್ತಿ ಬಿಡಿ" ಎಂದು ಮೊದಲೇ ಹೇಳುತ್ತೇನೆ, ನೀವೂ ಹೇಳಿ.

ಫಾಲ್ ಬಿಚ್ಚಿಹೋಗಿದೆ, ಹುಕ್ಕು ಕಿತ್ತಿದೆ, ಝಿಪ್ ಹಿಡಿಯುತ್ತಿಲ್ಲ, ಒಪ್ಪುವ ಲಂಗ ಇಲ್ಲ, ಉದ್ದ ಹೆಚ್ಚು, ತೆಳ್ಳಗಿದ್ದು ಲೈನಿಂಗ್ ಬೇಕು: ಇವೆಲ್ಲ ಟೈಲರ್ ಕೆಲಸ. ಅಂಗಡಿಗೆ ಹೋಗುವ ಮುಂಚೆ ಈ ಪಟ್ಟಿ ಮುಗಿಸಿ. ಬಣ್ಣ ಬಿಡುತ್ತದೆ, ಮೈ ಕಡಿಯುತ್ತದೆ, ಪ್ರತಿ ಸಲ ಡ್ರೈಕ್ಲೀನಿಂಗಿಗೆ ಕೊಡಬೇಕು ಎಂಬ ಕಾರಣಗಳು ಬೇರೆ ಜಾತಿಯವು, ಅವುಗಳಿಗೆ ಮದ್ದಿಲ್ಲ. ಅಂಥದ್ದನ್ನು ಮತ್ತೆ ಕೊಳ್ಳಬಾರದು ಎಂದು ಪುಸ್ತಕದ ಕೊನೆಯ ಪುಟದಲ್ಲಿ ಬರೆದಿಡಿ.

ಇಲ್ಲಿ ತೋಟದ ಬಟ್ಟೆಯ ಮಾತು ಬರುತ್ತದೆ. ಕಾಫಿ ಕೊಯ್ಲಿಗೆ ತುಂಬುತೋಳಿನ ಹಳೆಯ ಅಂಗಿ ಬೇಕೇ ಬೇಕು. ಚಿಗಳಿ ಇರುವೆ ಕಚ್ಚಿದವರಿಗೆ ಅದರ ಬೆಲೆ ಗೊತ್ತು. ಅಡಿಕೆ ಚೊಗರು, ಬಾಳೆ ಕಲೆ ಹಿಡಿದರೆ ಹೋಗುವುದಿಲ್ಲವಾದ್ದರಿಂದ ಗಾಢ ಬಣ್ಣದ್ದೇ ಆಗಬೇಕು. ನವೆಂಬರಿನಿಂದ ಅರೇಬಿಕಾ, ಅದು ಮುಗಿಯುವಷ್ಟರಲ್ಲಿ ರೋಬಸ್ಟಾ, ಹೀಗೆ ಮಾರ್ಚ್‌ವರೆಗೂ ಕೆಲಸ ಇರುವ ಮನೆಯಲ್ಲಿ ತೋಟಕ್ಕೆ ಎಷ್ಟು ಜೊತೆ ಸವೆಯುತ್ತದೆ ಎಂಬುದನ್ನೂ ಬರೆಯಿರಿ. ಅಷ್ಟನ್ನು ಇಟ್ಟುಕೊಂಡು ಮಿಕ್ಕದ್ದನ್ನು ಕೊಡಿ. "ಹಳೇದು, ತೋಟಕ್ಕಾಗುತ್ತೆ" ಎಂದು ಎಲ್ಲವನ್ನೂ ಅಟ್ಟಕ್ಕೆ ಏರಿಸಿದರೆ ಅವು ಮಳೆಗಾಲದಲ್ಲಿ ಬೂಷ್ಟು ಹಿಡಿದು ಪಕ್ಕದ ಒಳ್ಳೆಯ ಬಟ್ಟೆಗೂ ಹಬ್ಬಿಸುತ್ತವೆ.

ಒಂದು ಸಲ ಉಡಲು ಎಷ್ಟು ಖರ್ಚು

ಬಟ್ಟೆಗೆ ಕೊಟ್ಟ ಒಟ್ಟು ಹಣವನ್ನು ಉಟ್ಟ ಸಲದಿಂದ ಭಾಗಿಸಿ. 350 ರೂಪಾಯಿಯ ಕುರ್ತಾ ಹತ್ತು ಒಗೆತಕ್ಕೆ ಕುಗ್ಗಿ ಮೂಲೆ ಸೇರಿದರೆ ಸಲಕ್ಕೆ 35 ರೂಪಾಯಿ. 900 ರೂಪಾಯಿಯದು ಅರವತ್ತು ಸಲ ಬಂದರೆ ಸಲಕ್ಕೆ 15. ಯಾವುದು ಅಗ್ಗ ಎಂದು ಬೆಲೆಚೀಟಿ ಹೇಳುವುದಿಲ್ಲ. ಸೀರೆಗಾದರೆ ಫಾಲ್, ಕುಚ್ಚು, ರವಿಕೆಯ ಹೊಲಿಗೆ, ಲೈನಿಂಗ್, ಡ್ರೈಕ್ಲೀನಿಂಗ್ ಎಲ್ಲ ಸೇರಿಸಿ. 5,000 ರೂಪಾಯಿಯ ಸೀರೆಗೆ ಇವೆಲ್ಲ ಸೇರಿ 6,500 ಆಗಿ, ಐದು ಸಲ ಉಟ್ಟರೆ ಸಲಕ್ಕೆ 1,300. ಅಂಥ ಸೀರೆಯನ್ನು ಅಕ್ಕತಂಗಿಯರು, ಓರಗಿತ್ತಿಯರು ಬದಲಿಸಿಕೊಂಡು ಉಡುವುದು ನಮ್ಮಲ್ಲಿ ಹೊಸದೇನಲ್ಲ. ಯಾರು ಉಟ್ಟರೂ ಒಂದು ಗೀಟು ಹಾಕಿ.

ಧಾರೆ ಸೀರೆಗೆ, ಅಜ್ಜಿಯಿಂದ ಬಂದ ಸೀರೆಗೆ ಈ ಭಾಗಾಕಾರ ಬೇಡ. ಅವು ಉಡುವುದಕ್ಕಾಗಿ ಮಾತ್ರ ಇರುವುದಲ್ಲ. ಅವಕ್ಕೆ ಪುಸ್ತಕದಲ್ಲಿ ಬರೆಯಬೇಕಾದದ್ದು ಮಡಿಕೆ ಬದಲಿಸಿದ ತಾರೀಖು. ಮಡಿಕೆಯಲ್ಲೇ ವರ್ಷಗಟ್ಟಲೆ ಇದ್ದರೆ ಜರಿ ಅಲ್ಲೇ ಮುರಿಯುತ್ತದೆ. ಬಿಳಿ ಹತ್ತಿ ಬಟ್ಟೆಯಲ್ಲಿ ಸುತ್ತಿಡಿ, ನುಸಿಗುಳಿಗೆ ಸೀರೆಗೆ ನೇರ ತಾಗದಿರಲಿ.

ಉಡುಗೊರೆಯಾಗಿ ಬಂದವಕ್ಕೆ ಬೆಲೆ ಸೊನ್ನೆ ಎಂದು ಬರೆದರೂ ಅವು ಜಾಗ ಹಿಡಿದಿರುತ್ತವೆ. ಒಂದು ವರ್ಷ ಗೀಟು ಬೀಳದ, ಒಮ್ಮೆಯೂ ಉಡದ ಸೀರೆಯನ್ನು ಇಷ್ಟಪಟ್ಟು ಉಡುವವರಿಗೆ ಕೊಡುವುದರಲ್ಲಿ ಸಂಕೋಚವೇನೂ ಬೇಡ.

ಅಂಗಡಿಗೆ ಹೋಗುವ ಪಟ್ಟಿ

ಪಟ್ಟಿಗೆ ಬರಬೇಕಾದದ್ದು ಎರಡೇ ಕಡೆಯಿಂದ. ಒಂದು, "ಬೇಕಿದ್ದದ್ದು, ಸಿಗಲಿಲ್ಲ" ಎಂದು ಮತ್ತೆಮತ್ತೆ ಬರೆದ ಸಾಲುಗಳು. ಇನ್ನೊಂದು, ಹೆಚ್ಚು ಗೀಟು ಬಿದ್ದು ಸವೆಯುತ್ತಿರುವ ಬಟ್ಟೆಗಳು. ಎರಡನೆಯದನ್ನು ಜನ ಮರೆಯುತ್ತಾರೆ. ದಿನಾ ಉಡುವ ಕುರ್ತಾದ ಕಾಲರ್ ಹರಿಯುವವರೆಗೂ ಬಿಟ್ಟು, ಹರಿದ ದಿನ ಅವಸರಕ್ಕೆ ಏನೋ ಒಂದನ್ನು ತರುತ್ತಾರೆ. ಅದು ಚೆನ್ನಾಗಿರುವಾಗಲೇ ಟೇಪ್ ಹಿಡಿದು ಭುಜ, ಎದೆ, ಉದ್ದ, ತೋಳು ಅಳೆದು ಬರೆದುಕೊಳ್ಳಿ, ಒಳಗಿನ ಲೇಬಲ್ಲಿನ ಫೋಟೊ ತೆಗೆಯಿರಿ. ಅಂಥದ್ದೇ ಇನ್ನೊಂದನ್ನು ಹುಡುಕಲು ಇಷ್ಟು ಸಾಕು.

ಪಟ್ಟಿಯಲ್ಲಿ "ಕುರ್ತಾ 2" ಎಂದಷ್ಟೇ ಬರೆದರೆ ಅಂಗಡಿಯಲ್ಲಿ ಮನಸ್ಸು ಬದಲಾಗುತ್ತದೆ. "ಮೊಣಕಾಲಿಗೆ ಬರುವಷ್ಟು ಉದ್ದ, ಗಾಢ ಬಣ್ಣ, ಕಲಸುನೂಲು, ಪ್ಯಾಂ-2ಕ್ಕೂ ಪ್ಯಾಂ-4ಕ್ಕೂ ಒಪ್ಪಬೇಕು, 800 ರೂಪಾಯಿ ಒಳಗೆ" ಎಂದು ಬರೆಯಿರಿ. ಪುಟದ ಫೋಟೊ ಮೊಬೈಲಿನಲ್ಲಿರಲಿ. ಪಟ್ಟಿಯಲ್ಲಿಲ್ಲದ ಬಟ್ಟೆ ಕಣ್ಣಿಗೆ ಬಿದ್ದರೆ ಅದನ್ನೂ ಬರೆದುಕೊಂಡು ಮನೆಗೆ ಬನ್ನಿ. ಮುಂದಿನ ಎಣಿಕೆಯ ದಿನವೂ ಬೇಕೆನಿಸಿದರೆ ಆಗ ನೋಡಿ.

ಕೊಳ್ಳುವ ಕಾಲವನ್ನೂ ಪುಸ್ತಕ ಹೇಳುತ್ತದೆ. ರೈನ್‌ಕೋಟು, ಬೇಗ ಒಣಗುವ ಪ್ಯಾಂಟು ಮೇ ತಿಂಗಳಲ್ಲೇ ಬರಲಿ, ಮೃಗಶಿರ ಹುಟ್ಟುವುದು ಜೂನ್ ಮೊದಲ ವಾರದ ಕೊನೆಗೆ. ಸ್ವೆಟರ್ ಅಕ್ಟೋಬರಿನಲ್ಲಿ. ಆಷಾಢದ ರಿಯಾಯಿತಿಯೂ ಒಳ್ಳೆಯದೇ, ಪಟ್ಟಿಯಲ್ಲಿದ್ದದ್ದಕ್ಕೆ: ಶ್ರಾವಣದ ವರಮಹಾಲಕ್ಷ್ಮಿಗೆ, ಗೌರಿ ಹಬ್ಬದ ಬಾಗಿನಕ್ಕೆ ಕೊಡಬೇಕಾದ ಸೀರೆಗಳನ್ನು ಆಗಲೇ ತಂದಿಟ್ಟರೆ ದುಡ್ಡು ಉಳಿಯುತ್ತದೆ. ಆದರೆ ಇವು ಕೊಡುವ ಲೆಕ್ಕ, ಉಡುವ ಲೆಕ್ಕದ ಪುಟದಲ್ಲಿ ಬೆರೆಸಬೇಡಿ.

ಅಂಗಡಿಯಲ್ಲಿ ಬಟ್ಟೆಯನ್ನು ಒಳಮೈ ತಿರುಗಿಸಿ ಹೊಲಿಗೆಯ ಪಕ್ಕ ಎಷ್ಟು ಬಟ್ಟೆ ಬಿಟ್ಟಿದ್ದಾರೆ ನೋಡಿ. ನೂಲಿನ ವಿವರ, ಒಗೆಯುವ ಸೂಚನೆ ಓದಿ. ಒಂದು ಮೂಲೆಯನ್ನು ಮುಷ್ಟಿಯಲ್ಲಿ ಹಿಡಿದು ಬಿಟ್ಟು ಎಷ್ಟು ಮುದುಡುತ್ತದೆ ಗಮನಿಸಿ. ಕರೆಂಟಿಲ್ಲದ ಬೆಳಗ್ಗೆ ಇಸ್ತ್ರಿ ಸಿಗುವುದಿಲ್ಲ. ಕೈ ಮೇಲೆತ್ತಿ, ಕುಳಿತು ನೋಡದೆ ರೆಡಿಮೇಡ್ ತರಬೇಡಿ.

ಮನೆಗೆ ತಂದ ದಿನವೇ ಹೊಸದಕ್ಕೆ ಗುರುತು, ಬೆಲೆ, ತಾರೀಖು ಬರೆದು ಬಿಲ್ಲನ್ನು ಅದೇ ಪುಟಕ್ಕೆ ಅಂಟಿಸಿ. ಬದಲಾಯಿಸಿಕೊಳ್ಳಲು ಅಂಗಡಿಯವರು ಕೊಟ್ಟ ಕೊನೆಯ ದಿನವನ್ನು ಪಕ್ಕದಲ್ಲೇ ಗುಂಡು ಸುತ್ತಿ ಬರೆಯಿರಿ. ಆ ದಿನದೊಳಗೆ ಮನೆಯ ಕನ್ನಡಿಯ ಮುಂದೆ, ಅದಕ್ಕೆ ಒಪ್ಪುತ್ತದೆ ಎಂದುಕೊಂಡಿದ್ದ ಪ್ಯಾಂಟು, ಲಂಗ, ಚಪ್ಪಲಿ ಸಮೇತ ಒಮ್ಮೆ ಹಾಕಿ ನೋಡಿ. ಒಪ್ಪದಿದ್ದರೆ ಚೀಟಿ ಕೀಳದೆ ಮರುದಿನವೇ ಹಿಂದಿರುಗಿಸಿ.